ನಾಲೆ ಏರಿಯ ಮೇಲಿನ ಸೈಕಲ್ಲುಗಳು

ನಮ್ಮ ಶಾಲೆಯ ಐವತ್ತು ವರ್ಷಗಳ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ನನಗಿಂತ ಹಿರಿಯರು, ತಿಳಿದವರು ಬರೆದಿರುತ್ತಾರೆ. ಜಾಗ ಕೊಟ್ಟವರು, ಹೆಂಚಿನ ಕೊಠಡಿಯಲ್ಲಿ ಪಾಠ ಮಾಡಿದ ಮೊದಲ ಮೇಷ್ಟ್ರುಗಳು, ಹೊಸ ಕಟ್ಟಡ ಬಂದ ಬಗೆ, ಎಲ್ಲವೂ ಅಲ್ಲಿರುತ್ತದೆ. ನಾನು ಬರೆಯಹೊರಟಿರುವುದು ಶಾಲೆಯ ಗೇಟಿನ ಆಚೆಗಿನ ಸಂಗತಿ. ಸುತ್ತಲ ಹಳ್ಳಿಗಳಿಂದ ನಾಲೆ ಏರಿಯ ಮೇಲೆ ಸೈಕಲ್ ತುಳಿದು ಬಂದವರ ಬಗ್ಗೆ, ಅದರಲ್ಲೂ ಬಿದ್ದವರ ಬಗ್ಗೆ. ಮೊಣಕಾಲಿನಲ್ಲೋ ಮೊಣಕೈಯಲ್ಲೋ ಆ ದಾರಿಯ ಒಂದು ಕಲೆ ಇಲ್ಲದ ಹಳೆಯ ವಿದ್ಯಾರ್ಥಿ ಸಿಗುವುದು ಕಷ್ಟ. ಅದೂ ಚರಿತ್ರೆಯೇ ತಾನೆ?

ಸೈಕಲ್ಲಿಗೂ ಬೀಳುವುದಕ್ಕೂ ಇರುವ ನಂಟು ಹಳೆಯದು. 1817ರಲ್ಲಿ ಜರ್ಮನಿಯ ಮನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಓಡಿಸಿದ ಮರದ ಗಾಡಿಗೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು. 1870ರ ದಶಕದಲ್ಲಿ ಬಂದದ್ದು ಮುಂದೆ ಆಳೆತ್ತರದ ದೊಡ್ಡ ಚಕ್ರ, ಹಿಂದೆ ತಟ್ಟೆಯಷ್ಟು ಚಿಕ್ಕ ಚಕ್ರ ಇದ್ದ ಸೈಕಲ್. ಅದರ ಚಕ್ರಕ್ಕೆ ಒಂದು ಕಲ್ಲು ಸಿಕ್ಕಿದರೆ ಸವಾರ ಹ್ಯಾಂಡಲ್ ದಾಟಿ ತಲೆ ಕೆಳಗಾಗಿ ಬೀಳುತ್ತಿದ್ದ. ಇಂಗ್ಲಿಷರು ಈ ಬೀಳುವಿಕೆಗೆ ‘ಹೆಡರ್’ ಎಂದು ಹೆಸರನ್ನೇ ಇಟ್ಟಿದ್ದರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯ, ಹಿಂದಿನ ಚಕ್ರಕ್ಕೆ ಚೈನು ಹಾಕಿದ ‘ರೋವರ್’ ತಯಾರಿಸಿದ. ಇಂಥ ಸೈಕಲ್ಲಿಗೆ ಆಗ ಬಂದ ಹೆಸರು ‘ಸೇಫ್ಟಿ’. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಗಾಳಿ ತುಂಬಿದ ಟೈರು ಮಾಡಿದ. ನಮ್ಮ ಅಪ್ಪಂದಿರು ತುಳಿದ ಕಪ್ಪು ಸೈಕಲ್ ಈ ಎರಡರ ನೇರ ಸಂತಾನ.

ಇಲ್ಲಿ ಒಂದು ಮಾತು. ದೊಡ್ಡ ಚಕ್ರದ ಸೈಕಲ್ಲಿನಲ್ಲಿ ಇನ್ನೊಬ್ಬನನ್ನು ಕೂರಿಸಿಕೊಳ್ಳಲು ಜಾಗವೇ ಇರಲಿಲ್ಲ. ‘ಸೇಫ್ಟಿ’ ಬಂದ ಮೇಲೆ ಹಿಂದಿನ ಚಕ್ರದ ಮೇಲೆ ಕ್ಯಾರಿಯರ್ ಬಂತು, ಮುಂದೆ ಬಾರು ಬಂತು. ತುಳಿಯುವವನ ತಲೆ ಉಳಿಯಿತು. ಹಿಂದೆ ಕೂತವನ ಕಾಲು ಮಾತ್ರ ತಿರುಗುವ ಕಡ್ಡಿಗಳ ಪಕ್ಕಕ್ಕೆ ಬಂದು ನಿಂತಿತು. ಇದನ್ನು ಮುಂದೆ ಹೇಳುತ್ತೇನೆ.

ನಮ್ಮ ದೇಶಕ್ಕೆ ಮೊದಲು ಬಂದ ಸೈಕಲ್ಲುಗಳು ಇಂಗ್ಲೆಂಡಿನವು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೀಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಶುರುವಾದವು. ಹೆಸರು ಬೇರೆಯಾದರೂ ಗಾಡಿ ಒಂದೇ: 28 ಇಂಚಿನ ಚಕ್ರ, ಉಕ್ಕಿನ ರಿಮ್, ಕೇಬಲ್ ಬದಲು ಕಬ್ಬಿಣದ ಸರಳಿನ ಬ್ರೇಕು. ಭತ್ತದ ಮೂಟೆ ಹೊರಲು, ಹಾಲಿನ ಕ್ಯಾನು ಕಟ್ಟಲು ಅದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಆದರೆ ಅದು ಬೆಳೆದ ಗಂಡಸಿನ ಅಳತೆಗೆ ಮಾಡಿದ್ದು. ಹನ್ನೆರಡು ಹದಿಮೂರರ ಹುಡುಗ ಸೀಟಿನ ಮೇಲೆ ಕೂತರೆ ಪೆಡಲ್ ಕಾಲಿಗೆ ಎಟುಕದು. ಆದ್ದರಿಂದಲೇ ಬಾರಿನ ಕೆಳಗೆ ಕಾಲು ತೂರಿಸಿ, ಮೈಯನ್ನು ಒಂದು ಕಡೆಗೆ ವಾಲಿಸಿ ತುಳಿಯುವ ಒಳಪೆಡಲ್ ವಿದ್ಯೆ ಊರೂರಲ್ಲಿ ಬೆಳೆಯಿತು. ಮಳೆಯಲ್ಲಿ ರಿಮ್ ನೆನೆದರೆ ಆ ಬ್ರೇಕು ಹಿಡಿಯುತ್ತಲೇ ಇರಲಿಲ್ಲ. ಆಗ ಚಪ್ಪಲಿಯೇ ಬ್ರೇಕು. ನಮ್ಮಲ್ಲಿ ಎಲ್ಲರ ಬಲಗಾಲಿನ ಹವಾಯಿ ಮೊದಲು ಸವೆಯುತ್ತಿದ್ದುದಕ್ಕೆ ಇದೇ ಕಾರಣ.

ಸೈಕಲ್ಲಿನವರಿಗೆ ಒಂದು ಕಾಲಕ್ಕೆ ಪೊಲೀಸರ ಭಯವೂ ಇತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಪುರಸಭೆಗೆ ವರ್ಷಕ್ಕೊಮ್ಮೆ ಸೈಕಲ್ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೋಗುವಂತಿಲ್ಲ, ಇಬ್ಬರು ಕೂರುವ ಡಬಲ್ಸ್ ಅಂತೂ ಕೂಡದು. ಮಂಡ್ಯ ಪೇಟೆಯಲ್ಲಿ ಸಿಕ್ಕಿಬಿದ್ದರೆ ದಂಡ, ಇಲ್ಲವೆ ಎರಡೂ ಚಕ್ರದ ಗಾಳಿ ಬಿಡುವುದು. ನನ್ನ ತಾತನ ಸೈಕಲ್ಲಿಗೆ ಸೀಮೆಎಣ್ಣೆ ಲ್ಯಾಂಪು ಇತ್ತಂತೆ. ಹಚ್ಚಿದರೆ ಎಣ್ಣೆ ಖರ್ಚು, ಗಾಳಿಗೆ ಉಳಿಯುವುದೂ ಇಲ್ಲ. “ಈಗ್ತಾನೆ ಆರೋಯ್ತು ಸ್ವಾಮಿ” ಎಂದರೆ ಪೊಲೀಸಿನವನು ಲ್ಯಾಂಪಿನ ತಲೆ ಮುಟ್ಟಿ ನೋಡುತ್ತಿದ್ದನಂತೆ, ಬಿಸಿ ಇದೆಯೋ ಇಲ್ಲವೋ ಎಂದು. ಅದಕ್ಕೆ ತಾತ ಪೇಟೆ ಹತ್ತಿರವಾದಾಗ ಇಳಿದು, ಒಂದು ಬೀಡಿ ಸೇದುವಷ್ಟು ಹೊತ್ತು ದೀಪ ಉರಿಸಿ, ಆರಿಸಿ, ಆಮೇಲೆ ಮುಂದೆ ಹೋಗುತ್ತಿದ್ದರಂತೆ. ಆಮೇಲೆ ಡೈನಮೊ ಬಂತು. ಟೈರಿಗೆ ಒತ್ತಿಕೊಂಡು ತಿರುಗುವ ಆ ಪುಟ್ಟ ಸೀಸೆ ತುಳಿಯುವುದನ್ನು ಭಾರ ಮಾಡುತ್ತಿತ್ತು. ಏರು ಬಂದರೆ ಬೆಳಕು ಮಂಕು, ನಿಂತರೆ ಪೂರ್ತಿ ಕತ್ತಲು. ಹೀಗಾಗಿ ಡೈನಮೊ ಇದ್ದವರೂ ಅದನ್ನು ಒತ್ತುತ್ತಿದ್ದುದು ಪೊಲೀಸ್ ಕಂಡಾಗ ಮಾತ್ರ.

ಶಾಲೆ ಆರಂಭವಾದ 1975ರ ಸುಮಾರಿಗೆ ಇಲ್ಲಿ ಓದಿದ ಹಿರಿಯರು ಹೇಳುವ ಪ್ರಕಾರ, ಆಗ ಬೇವಿನ ಮರದಡಿ ನಿಲ್ಲುತ್ತಿದ್ದ ಸೈಕಲ್ಲುಗಳು ಬೆರಳೆಣಿಕೆಯವು. ಅವುಗಳಲ್ಲಿ ಅರ್ಧ ಮೇಷ್ಟ್ರುಗಳವು. ಮೂರು ನಾಲ್ಕು ಮೈಲಿಯಿಂದ ಬರುವ ಮಕ್ಕಳು ನಡೆದೇ ಬರುತ್ತಿದ್ದರು. ಒಂದು ಮನೆಗೆ ಒಂದೇ ಸೈಕಲ್, ಅದೂ ಅಪ್ಪ ಗದ್ದೆಗೋ ಸಂತೆಗೋ ಹೋಗದ ದಿನ ಮಾತ್ರ ಮಗನಿಗೆ. ಅಂಥ ಸೈಕಲ್ ಹೊರಟರೆ ಬಾರಿನ ಮೇಲೆ ಒಬ್ಬ, ಕ್ಯಾರಿಯರ್ ಮೇಲೆ ಇಬ್ಬರು. ಪ್ರಾರ್ಥನೆ ಮುಗಿದ ಮೇಲೆ ಪಿ.ಟಿ. ಮೇಷ್ಟ್ರು ಡಬಲ್ಸ್ ತ್ರಿಬಲ್ಸ್ ಹೊಡೆದವರನ್ನು ಮುಂದೆ ಕರೆದು ಅಂಗೈಗೆ ಬಾರಿಸುತ್ತಿದ್ದರು. ಅವರ ಕಾಳಜಿಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಈಗ ಯೋಚಿಸಿದರೆ, ನಾವು ಪುಂಡಾಟ ಎಂದು ಪೆಟ್ಟು ತಿಂದದ್ದರಲ್ಲಿ ಬಹುಪಾಲು ಕೊರತೆ. ಸೈಕಲ್ ಇಲ್ಲದವನನ್ನು ಸೈಕಲ್ ಇದ್ದವನು ಕೂರಿಸಿಕೊಂಡ. ಬ್ರೇಕ್ ಕಟ್ಟೆಗೆ ದುಡ್ಡಿಲ್ಲದವನು ಚಪ್ಪಲಿ ಒತ್ತಿದ. ಅಳತೆಯ ಸೈಕಲ್ ಸಿಗದವನು ಒಳಪೆಡಲ್ ಹೊಡೆದ.

ಎಲ್ಲವೂ ಕೊರತೆಯಲ್ಲ, ಒಪ್ಪುತ್ತೇನೆ. ಕಬ್ಬಿನ ಟ್ರ್ಯಾಕ್ಟರು ಹಿಡಿದು ಹೋಗುತ್ತಿದ್ದೆವಲ್ಲ, ಅದು ಶುದ್ಧ ಪುಂಡಾಟ. ನುರಿಯುವ ಕಾಲದಲ್ಲಿ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೈಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಹಿಂದಿನ ಟ್ರೈಲರಿನ ಸರಪಳಿ ಒಂದು ಕೈಯಲ್ಲಿ ಹಿಡಿದರೆ ಶಾಲೆಯವರೆಗೆ ಪೆಡಲ್ ತುಳಿಯುವಂತಿಲ್ಲ, ಜೊತೆಗೆ ಒಂದು ಜಲ್ಲೆ ಕಬ್ಬು. ಡ್ರೈವರಿಗೆ ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಒಂದು ಬದಿಗೆ ನಾಲೆ, ಇನ್ನೊಂದು ಬದಿಗೆ ಹತ್ತಡಿ ಕೆಳಗೆ ಗದ್ದೆ, ಎರಡಕ್ಕೂ ತಡೆಗೋಡೆ ಇಲ್ಲ. ಕೃಷ್ಣರಾಜಸಾಗರದಿಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿಯತೊಡಗಿದ ಕಾಲಕ್ಕೆ ಏರಿಗಳ ಮೇಲೆ ಓಡಾಡುತ್ತಿದ್ದುದು ಎತ್ತಿನ ಗಾಡಿಗಳು. ಏರಿಗಳು ಮುಂದೆ ರಸ್ತೆಗಳಾದವು, ಗೋಡೆ ಮಾತ್ರ ಎಲ್ಲ ಕಡೆ ಬರಲಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ತೀರಿಕೊಂಡಾಗ ಇಡೀ ನಾಡಿಗೆ ಈ ಏರಿಗಳು ಹೇಗಿವೆ ಎಂಬುದು ತಿಳಿಯಿತು. ಸೈಕಲ್ಲಿನವರಿಗೆ ಮೊದಲೇ ಗೊತ್ತಿತ್ತು.

ನಾನು ಎಂಟನೇ ತರಗತಿಗೆ ಸೇರಿದ್ದು 2006ರಲ್ಲಿ. ಅಪ್ಪನ ಸೈಕಲ್ ನನ್ನ ಪಾಲಿಗೆ ಬಂದಿತ್ತು. ನನ್ನ ಬೆಂಚಿನ ಗೆಳೆಯನ ಮನೆ ದಾರಿಯಲ್ಲೇ, ಅವನ ಮನೆಯಲ್ಲಿ ಸೈಕಲ್ ಇರಲಿಲ್ಲ. ದಿನವೂ ನನ್ನ ಕ್ಯಾರಿಯರ್ ಮೇಲೆ ಕೂರುತ್ತಿದ್ದ. ಒಂದು ದಿನ ಸಂಜೆ ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರನ್ನು ಹಿಡಿಯಲೆಂದು ನಾನು ನಿಂತು ತುಳಿಯತೊಡಗಿದೆ. “ಬ್ಯಾಡ ಕಣ್ಲಾ, ನಿಧಾನಕ್ಕೋಗು” ಎಂದ. ಕೇಳಲಿಲ್ಲ. ಗುಂಡಿಯೊಂದರಲ್ಲಿ ಸೈಕಲ್ ಎಗರಿತು. ಹಿಂದಿನಿಂದ ಕಟ್ಟಿಗೆ ಮುರಿದಂಥ ಸದ್ದು, ಚಕ್ರ ಅಲ್ಲೇ ನಿಂತುಹೋಯಿತು. ಇಬ್ಬರೂ ಬಿದ್ದೆವು, ಪುಣ್ಯಕ್ಕೆ ಗದ್ದೆಯ ಕಡೆಗೆ. ನನಗೆ ತರಚು ಗಾಯ. ಅವನ ಎಡ ಹಿಮ್ಮಡಿ ಕಡ್ಡಿಗಳೊಳಗೆ ಹೋಗಿ ಫ್ರೇಮಿನ ಕೊಳವೆಗೆ ಸಿಕ್ಕಿಕೊಂಡಿತ್ತು. ಎರಡು ಕಡ್ಡಿ ಕಿತ್ತು ಕಾಲು ಬಿಡಿಸಿದೆ.

ಗಾಯ ನೋಡಲು ಅಷ್ಟೇನೂ ದೊಡ್ಡದಿರಲಿಲ್ಲ. ನಾಲೆ ನೀರಿನಲ್ಲಿ ತೊಳೆದು, ದಾರಿಯ ಹೋಟೆಲಿನಲ್ಲಿ ಕಾಫಿಪುಡಿ ಕೇಳಿ ಮೆತ್ತಿ, ಟವೆಲಿನಿಂದ ಕಟ್ಟಿ ಮನೆಗೆ ಬಿಟ್ಟೆ. ಮನೆಯಲ್ಲಿ ಕಲ್ಲು ಎಡವಿದ್ದು ಎಂದು ಹೇಳಬೇಕೆಂದು ಇಬ್ಬರೂ ಮಾತಾಡಿಕೊಂಡೆವು, ನನಗೆ ಅಪ್ಪನ ಏಟು ತಪ್ಪಲಿ ಎಂದು. ಆ ಸುಳ್ಳನ್ನು ಅವನು ಐದು ದಿನ ಕಾಪಾಡಿದ. ಅಷ್ಟರಲ್ಲಿ ಹಿಮ್ಮಡಿಯ ಚರ್ಮ ಕಪ್ಪಾಗಿ ವಾಸನೆ ಬರತೊಡಗಿತ್ತು. ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಹಾಕಿದರು. ಅವನು ಆ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಮರು ವರ್ಷ ಶಾಲೆಗೆ ವಾಪಸಾಗಲೂ ಇಲ್ಲ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಈ ಬಗ್ಗೆ ಓದಿದೆ. ವೈದ್ಯರಿಗೆ ಇದು ಹೊಸದಲ್ಲವಂತೆ, ‘ಸ್ಪೋಕ್ ಇಂಜುರಿ’ ಎಂದು ಹೆಸರೇ ಇದೆ. ಕ್ಯಾರಿಯರ್ ಮೇಲೆ ಕೂತ ಮಕ್ಕಳಿಗೆ ಕಾಲಿಡಲು ಜಾಗವಿರುವುದಿಲ್ಲ. ಜೋತಾಡುವ ಕಾಲು ಕಡ್ಡಿಗೆ ಸಿಕ್ಕರೆ ಚಕ್ರ ಅದನ್ನು ಎಳೆದೊಯ್ದು ಫ್ರೇಮಿಗೆ ಒತ್ತಿ ಜಜ್ಜುತ್ತದೆ. ಮೇಲೆ ಸಣ್ಣದಾಗಿ ಕಂಡರೂ ಒಳಗೆ ಜಜ್ಜಿರುವುದರಿಂದ ಚರ್ಮ ನಾಲ್ಕಾರು ದಿನ ಬಿಟ್ಟು ಸಾಯುತ್ತದೆ. ಆ ಐದು ದಿನದ ಅರ್ಥ ನನಗೆ ಆಗ ಆಯಿತು. ಇನ್ನೊಂದು ವಿಷಯವೂ ಗೊತ್ತಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಮೋಟಾರ್ ಸೈಕಲ್ಲಿಗೆ ಹಿಂದೆ ಕೂರುವವರ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ, ಅಂದರೆ ನಾವು ಹೇಳುವ ಸೀರೆ ಗಾರ್ಡ್, ಇರಲೇಬೇಕು. ಸೈಕಲ್ ಮೋಟಾರು ವಾಹನವಲ್ಲ, ಆ ನಿಯಮ ಅದಕ್ಕಿಲ್ಲ. ಡಬಲ್ಸ್ ಕೂಡದು ಎಂದು ದಂಡ ಹಾಕಿದ್ದರು, ಪೆಟ್ಟು ಕೊಟ್ಟಿದ್ದರು. ಕೂತೇ ಕೂರುವವನ ಕಾಲಿಗೆ ಒಂದು ತಗಡು ಹೊಡೆಸಿ ಎಂದು ಮಾತ್ರ ನಮಗೆ ಯಾರೂ ಹೇಳಲಿಲ್ಲ.

ಸರ್ಕಾರದ ಉಚಿತ ಸೈಕಲ್ ಯೋಜನೆ ಶುರುವಾದದ್ದು ಅದೇ 2006-07ರಲ್ಲಿ. ಮೊದಲು ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ, ಆಮೇಲೆ ಹುಡುಗರಿಗೂ ಕೊಟ್ಟರು. ಹುಡುಗರ ಸರದಿ ಬರುವ ಹೊತ್ತಿಗೆ ನಮ್ಮ ತಂಡ ಎಂಟು ದಾಟಿತ್ತು. ಒಂದು ವರ್ಷ ಮೊದಲು ಬಂದಿದ್ದರೆ ಅವನು ನನ್ನ ಹಿಂದೆ ಕೂರುತ್ತಲೇ ಇರಲಿಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ಹುಡುಗಿಯರು ಸಾಲಾಗಿ ಏರಿಯ ಮೇಲೆ ಬರತೊಡಗಿದ್ದು ನಮ್ಮ ಶಾಲೆಯ ಚರಿತ್ರೆಯಲ್ಲಿ ಹೊಸ ಕಟ್ಟಡಕ್ಕಿಂತ ದೊಡ್ಡ ಘಟನೆ ಎಂದು ನಾನು ಹೇಳುತ್ತೇನೆ. ಡಬಲ್ಸ್ ಕಡಿಮೆಯಾಯಿತು. ಅವರ ಕಷ್ಟ ಬೇರೆ: ವೇಲು ಚೈನಿಗೋ ಚಕ್ರಕ್ಕೋ ಸುತ್ತಿಕೊಳ್ಳುವುದು. ಚೈನಿನ ಕವರು ಒಂದು ಮಳೆಗಾಲಕ್ಕೆ ಅಲುಗಾಡಿ, ಸದ್ದು ಮಾಡುತ್ತದೆಂದು ಬಿಚ್ಚಿಟ್ಟವರೇ ಹೆಚ್ಚು. ವೇಲನ್ನು ಸೊಂಟಕ್ಕೆ ಗಂಟು ಹಾಕಿಕೊಳ್ಳುವ ಪದ್ಧತಿ ಯಾರೂ ಕಲಿಸದೆ ಒಬ್ಬರಿಂದ ಒಬ್ಬರಿಗೆ ಹರಡಿತು. ಕೊರೊನಾ ಬಂದ 2020ರಲ್ಲಿ ಸೈಕಲ್ ವಿತರಣೆ ನಿಂತಿತು. ಕಳೆದ ವರ್ಷ ಊರಿಗೆ ಹೋದಾಗ ಏರಿಯ ಮೇಲೆ ಮತ್ತೆ ಡಬಲ್ಸ್ ಕಂಡೆ.

ಈಗ ಅಪಾಯದ ರೂಪವೂ ಬೇರೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಬಂತು. ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ನಿಷೇಧ. ಸರಿಯಾದದ್ದೇ. ಆದರೆ ಅವೆಲ್ಲ ಈಗ ಒಟ್ಟಿಗೆ ಸರ್ವಿಸ್ ರಸ್ತೆಯಲ್ಲಿವೆ, ಎದುರು ದಿಕ್ಕಿನಿಂದ ಬರುವವರ ಸಮೇತ. ದೇಶದಲ್ಲಿ ವರ್ಷಕ್ಕೆ 4,000ಕ್ಕೂ ಹೆಚ್ಚು ಸೈಕಲ್ ಸವಾರರು ರಸ್ತೆಯಲ್ಲಿ ಸಾಯುತ್ತಾರೆಂದು ಕೇಂದ್ರ ಸರ್ಕಾರದ ವರದಿಗಳೇ ಹೇಳುತ್ತವೆ. ಹಿಮ್ಮಡಿ ಕಳೆದುಕೊಂಡವರನ್ನು ಯಾವ ವರದಿಯೂ ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ.

ನನ್ನ ಗೆಳೆಯ ಈಗ ಊರಿನ ಸರ್ಕಲ್ಲಿನಲ್ಲಿ ಸೈಕಲ್, ಬೈಕು ರಿಪೇರಿ ಅಂಗಡಿ ಇಟ್ಟಿದ್ದಾನೆ. ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. ಈ ಲೇಖನದಲ್ಲಿ ಅವನ ವಿಷಯ ಬರೆಯಲೇ ಎಂದು ಕೇಳಿದೆ. “ಬರ್ಕೋ, ಹೆಸ್ರು ಬ್ಯಾಡ. ತೆಪ್ಪು ನಿಂದು ಅಂತ ಮಾತ್ರ ಸರ್ಯಾಗ್ ಬರಿ” ಎಂದು ನಕ್ಕ. ಆಮೇಲೆ ಮೂಲೆಯಲ್ಲಿದ್ದ ಒಂದು ಸೈಕಲ್ ತೋರಿಸಿದ. ಮಗಳದು. ಹಿಂದಿನ ಚಕ್ರದ ಎರಡೂ ಬದಿಗೆ ಕಬ್ಬಿಣದ ಜಾಲರಿ ಕತ್ತರಿಸಿ, ಅಂಚು ಮಡಚಿ, ಮಡ್‌ಗಾರ್ಡಿನ ಕಡ್ಡಿಗೆ ತಂತಿಯಲ್ಲಿ ಬಿಗಿದಿದ್ದಾನೆ. ಕ್ಯಾರಿಯರ್ ಕೆಳಗೆ ಕಾಲಿಡಲು ಎರಡು ಗೂಟ.

ಸುವರ್ಣ ಮಹೋತ್ಸವದ ನೆನಪಿಗೆ ಗೇಟಿನ ಮುಂದೆ ಕಮಾನು ಕಟ್ಟಿಸುವ ಮಾತು ನಡೆದಿದೆ. ನಮ್ಮ ತಂಡದವರು ಅದಕ್ಕೆಂದು ಕೂಡಿಸಿದ ಹಣದಲ್ಲಿ ಸ್ವಲ್ಪ ಉಳಿಯುವಂತಿದೆ. ಅದರಲ್ಲಿ ಶಾಲೆಯ ಎಲ್ಲ ಸೈಕಲ್ಲುಗಳಿಗೂ ಇಂಥ ಜಾಲರಿ, ಗೂಟ ಹಾಕಿಸೋಣ ಎಂದು ಸಮಿತಿಯನ್ನು ಕೇಳಿಕೊಂಡಿದ್ದೇನೆ. ಸಾಮಾನು ಕೊಟ್ಟರೆ ಕೂಲಿ ಬೇಡ ಎಂದು ಅವನು ಹೇಳಿದ್ದಾನೆ. ಭಾನುವಾರಗಳಲ್ಲಿ ಮಾಡಿಕೊಡುತ್ತಾನಂತೆ, ಬೇವಿನ ಮರದಡಿಯಲ್ಲಿ.