ಒಂದೇ ತಗಡು, ಹಲವು ಬಣ್ಣ: ಕೃಷ್ಣ ರೆಡ್ಡಿಯವರ ಲೋಹಕೆತ್ತನೆ

ಬೆಸೆಂಟ್ ನಗರದ ನೆರೆಯಲ್ಲಿರುವ ಕಲಾಕ್ಷೇತ್ರವೆಂದೊಡನೆ ನೆನಪಾಗುವುದು ರುಕ್ಮಿಣೀದೇವಿ ಅರುಂಡೇಲ್ ಮತ್ತು ಭರತನಾಟ್ಯ. ಆ ಸಂಸ್ಥೆ ಇನ್ನೂ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯ ಆಶ್ರಯದಲ್ಲಿದ್ದಾಗ, 1947ರಿಂದ 1949ರವರೆಗೆ, ಅಲ್ಲಿನ ಚಿತ್ರಕಲಾ ವಿಭಾಗವನ್ನು ನಡೆಸಿದ ತರುಣನೊಬ್ಬನು ಮುಂದೆ ಪ್ಯಾರಿಸಿನ ಕೆತ್ತನೆಗಾರರ ಸಾಲಿನಲ್ಲಿ ಅಗ್ರಸ್ಥಾನ ಪಡೆದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆತನೇ ಕೃಷ್ಣ ರೆಡ್ಡಿ.

ನಮ್ಮ ಕೋಲಾರಕ್ಕೆ ಹೊಂದಿಕೊಂಡ ಚಿತ್ತೂರು ಸೀಮೆಯಲ್ಲಿ 1925ರಲ್ಲಿ ಜನಿಸಿದ ರೆಡ್ಡಿಯವರು ಶಾಂತಿನಿಕೇತನದಲ್ಲಿ ನಂದಲಾಲ ಬಸು ಅವರ ಶಿಷ್ಯರಾದರು. ಅಡ್ಯಾರಿನಿಂದ ಲಂಡನ್ನಿಗೆ ತೆರಳಿ ಸ್ಲೇಡ್ ಕಲಾಶಾಲೆಯಲ್ಲಿ ಶಿಲ್ಪ ಕಲಿತು, 1950ರ ದಶಕದ ಆರಂಭದಲ್ಲಿ ಪ್ಯಾರಿಸ್ ಸೇರಿದರು. ಅಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಎಂಬ ಆಂಗ್ಲ ಕಲಾವಿದರು 1927ರಲ್ಲಿ ಸ್ಥಾಪಿಸಿದ್ದ 'ಅಟೆಲಿಯೆ 17' ಎಂಬ ಕಮ್ಮಟವು ಅವರ ಕರ್ಮಭೂಮಿಯಾಯಿತು.

ಫ್ರಾನ್ಸಿನಲ್ಲಿ ವರ್ಣಮುದ್ರಣದ ಹಂಬಲ ಹಳೆಯದು. 1741ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ ಲೆ ಬ್ಲಾನ್ ಪ್ರತಿಯೊಂದು ಮೂಲವರ್ಣಕ್ಕೂ ಒಂದೊಂದು ತಗಡು ಕೆತ್ತಿ, ಒಂದರ ಮೇಲೊಂದು ಅಚ್ಚೊತ್ತುತ್ತಿದ್ದನು. ತಗಡು ಕೂದಲೆಳೆಯಷ್ಟು ಜರುಗಿದರೂ ಚಿತ್ರ ಕೆಡುತ್ತಿತ್ತು. ಅಟೆಲಿಯೆಯವರು ಹುಡುಕಿದ್ದು ಬೇರೆ ದಾರಿ. ಒಂದೇ ತಗಡನ್ನು ಉಳಿಯಿಂದಲೂ ಆಮ್ಲದಿಂದಲೂ ಹಲವು ಆಳಗಳಿಗೆ ತೋಡುವುದು. ಆಳದ ಗೆರೆಗಳಿಗೆ ಮೊದಲು ಶಾಯಿ ತುಂಬಿ, ಮೇಲ್ಮೈಯನ್ನು ಒರೆಸುವುದು. ಅಗಸೆ ಎಣ್ಣೆಯ ಹೆಚ್ಚುಕಡಮೆಯಿಂದ ಉಳಿದ ಶಾಯಿಗಳ ಅಂಟುತನವನ್ನು ಭಿನ್ನಗೊಳಿಸುವುದು. ತೆಳುವಾದ ಶಾಯಿಯನ್ನು ಗಡುಸಾದ ಉರುಳೆಯಿಂದ ಉಬ್ಬುಗಳಿಗೆ ಹಚ್ಚಿ, ಮಂದವಾದುದನ್ನು ಮೆದುವಾದ ಉರುಳೆಯಿಂದ ತಗ್ಗುಗಳಿಗೆ ಇಳಿಸಿದರೆ, ಎಣ್ಣೆ ಹೆಚ್ಚಾದ ಮೊದಲಿನ ಶಾಯಿ ಎರಡನೆಯದನ್ನು ತನ್ನ ಮೇಲೆ ನಿಲ್ಲಗೊಡದು. ಒಂದೇ ಒತ್ತಿನಲ್ಲಿ ಎಲ್ಲ ಬಣ್ಣಗಳೂ ಕಾಗದಕ್ಕಿಳಿಯುವುವು.

ಈ ವಿಧಾನಕ್ಕೆ ಕೆಲವರು ಹೇಟರರ ಹೆಸರನ್ನು ಮಾತ್ರ ಇಡುವುದುಂಟು. ಅದು ನ್ಯಾಯವೆನಿಸದು. ಕಮ್ಮಟವನ್ನು ಕಟ್ಟಿದ ಕೀರ್ತಿ ಹೇಟರರದೇ, ಸಂದೇಹವಿಲ್ಲ; ಆದರೆ ಶಾಯಿಯ ಗುಣವನ್ನು ಪರೀಕ್ಷಿಸಿ ಈ ವಿಧಾನವನ್ನು ಕೈವಶ ಮಾಡಿಕೊಂಡವರಲ್ಲಿ ರೆಡ್ಡಿ ಮತ್ತು ಮುಂಬಯಿಯ ಕಾಯ್ಕೊ ಮೋತಿ ಪ್ರಮುಖರು. ತಗಡನ್ನು ಶಿಲ್ಪಿಯ ಕಣ್ಣಿನಿಂದ ಕಂಡು, ಅದರ ಆಳವನ್ನೇ ಬಣ್ಣದ ನೆಲೆಯಾಗಿಸಿದುದು ರೆಡ್ಡಿಯವರ ವೈಶಿಷ್ಟ್ಯ. 1963ರ 'ಸುಳಿ' ಎಂಬ ಕೃತಿಯೂ, 1968ರ ಪ್ಯಾರಿಸ್ ವಿದ್ಯಾರ್ಥಿ ಚಳವಳಿಯಿಂದ ಪ್ರೇರಿತವಾದ 'ಪ್ರದರ್ಶನಕಾರರು' ಎಂಬುದೂ ಇದಕ್ಕೆ ಸಾಕ್ಷಿ.

ಅಟೆಲಿಯೆಯ ಸಹನಿರ್ದೇಶಕರಾಗಿದ್ದ ಅವರಿಗೆ ಭಾರತ ಸರ್ಕಾರವು 1972ರಲ್ಲಿ ಪದ್ಮಶ್ರೀ ನೀಡಿತು. ಅನಂತರ ನ್ಯೂಯಾರ್ಕಿನಲ್ಲಿ ಅಧ್ಯಾಪಕರಾಗಿ ನೆಲಸಿದ ಅವರು, 1988ರಲ್ಲಿ ತಮ್ಮ ವಿಧಾನವನ್ನು ಗ್ರಂಥರೂಪದಲ್ಲಿ ವಿವರಿಸಿ, ಬಲ್ಲುದೆಲ್ಲವನ್ನೂ ಬಿಚ್ಚಿಟ್ಟು, 2018ರಲ್ಲಿ ಅಲ್ಲಿಯೇ ನಿಧನರಾದರು. ಚಿತ್ತೂರು, ಬಂಗಾಳ, ಮದರಾಸು, ಪ್ಯಾರಿಸ್, ನ್ಯೂಯಾರ್ಕ್: ಯಾವ ಊರೂ ಅವರನ್ನು ಪೂರ್ತಿಯಾಗಿ ತನ್ನವರೆಂದುಕೊಳ್ಳಲಿಲ್ಲ. ಊರು ಬಿಟ್ಟು ಬಂದವರ ದುಡಿಮೆ ಎಷ್ಟೋ ವೇಳೆ ಹೀಗೆಯೇ ಮತ್ತೊಬ್ಬರ ಲೆಕ್ಕಕ್ಕೆ ಜಮೆಯಾಗುತ್ತದೆ. ಆ ಲೆಕ್ಕವನ್ನು ತಿದ್ದುವ ಹೊಣೆ ಇತಿಹಾಸಕ್ಕೆ ಸೇರಿದ್ದು. ಅಡ್ಯಾರಿನ ಆ ಎರಡು ವರ್ಷಗಳನ್ನು ನೆನೆಯುವುದು ಅದರ ಮೊದಲ ಹೆಜ್ಜೆ.