ಮೊದಲ ಚಾಂಪಿಯನ್ನನ ಎಡಗಾಲು

ಅಮೆರಿಕದ ಸ್ಟಾಕ್ ಕಾರ್ ರೇಸಿಂಗಿನ ಒಂದು ಬೇರು ಕಳ್ಳಭಟ್ಟಿಯಲ್ಲಿದೆ. ಜಾರ್ಜಿಯಾದ ಡಾಸನ್‌ವಿಲ್ ಗುಡ್ಡಗಳಲ್ಲಿ ಇಳಿಸಿದ ಸಾರಾಯಿಯನ್ನು ರಾತ್ರೋರಾತ್ರಿ ಅಟ್ಲಾಂಟಾಕ್ಕೆ ಮುಟ್ಟಿಸುತ್ತಿದ್ದ ಹುಡುಗರು, ಪೊಲೀಸರ ಕೈಗೆ ಸಿಗದಿರಲೆಂದು ಫೋರ್ಡ್ ವಿ-8 ಕಾರುಗಳ ಎಂಜಿನ್ನಿಗೆ ಕಸುವು ತುಂಬಿಸುತ್ತಿದ್ದರು. ಬಿಡುವಿನಲ್ಲಿ ಅವರದೇ ಮಣ್ಣಿನ ಟ್ರ್ಯಾಕಿನ ಪೈಪೋಟಿ. ಅವರಲ್ಲಿ ಅಪ್ರತಿಮನಾಗಿದ್ದ ಲಾಯ್ಡ್ ಸೀ, 1941ರಲ್ಲಿ ಲೇಕ್‌ವುಡ್‌ನಲ್ಲಿ ಗೆದ್ದ ಮರುದಿನವೇ ಸಕ್ಕರೆ ಬಾಕಿಯ ಜಗಳದಲ್ಲಿ ಬಂಧುವಿನ ಗುಂಡಿಗೆ ಬಲಿಯಾದ. ಕಳ್ಳಭಟ್ಟಿಗೆ ಸಕ್ಕರೆಯೇ ಬಂಡವಾಳ.

ಸೀಗೆ ಕಾರು ಕೊಟ್ಟಿದ್ದ ರೇಮಂಡ್ ಪಾರ್ಕ್ಸ್, ಅದನ್ನು ಸಜ್ಜುಗೊಳಿಸಿದ್ದ ಮೆಕ್ಯಾನಿಕ್ ರೆಡ್ ವೋಗ್ಟ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಬ್ಬರೂ ನೆಚ್ಚಿದ್ದು ರೆಡ್ ಬೈರನ್‌ನನ್ನು.

1915ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಬೈರನ್, ಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಸಿಬ್ಬಂದಿಯಲ್ಲೊಬ್ಬ. ಅಲ್ಯೂಷಿಯನ್ ದ್ವೀಪಗಳ ಮೇಲೆ ಹಾರುವಾಗ ಎಡಗಾಲು ನುಚ್ಚುನೂರಾಗಿ, ಎರಡು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿದ್ದ. ಕ್ಲಚ್ ಒತ್ತಬೇಕಾದ ಕಾಲೇ ಅದು! ಆ ಕಾಲಿಗೆ ಉಕ್ಕಿನ ಆಸರೆ ಕಟ್ಟಿ ಕ್ಲಚ್ ಪೆಡಲಿಗೆ ಜೋಡಿಸಿಕೊಂಡು ಮತ್ತೆ ಓಟಕ್ಕಿಳಿದ. ಕಾಲು ಎಳೆಯುತ್ತ ಕಾರಿನತ್ತ ನಡೆದವನು ಗೆದ್ದು ಹೊರಬರುವುದೆಂದರೆ ಅದು ಬರೀ ವೇಗದ ಮಾತಲ್ಲ.

1947ರ ಡಿಸೆಂಬರಿನಲ್ಲಿ ಡೇಟೋನಾ ಬೀಚಿನ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ಓಟಗಳ ಸಂಘಟಕ ಬಿಲ್ ಫ್ರಾನ್ಸ್ ಕರೆದ ಸಭೆಯಿಂದ ಸ್ಟಾಕ್ ಕಾರ್ ಓಟಗಳ ಸಂಸ್ಥೆ ನ್ಯಾಸ್ಕಾರ್ ಹುಟ್ಟಿತು. ಹೆಸರು ಸೂಚಿಸಿದವನು ವೋಗ್ಟ್. 1948ರ ಫೆಬ್ರವರಿ 15ರಂದು ಕಡಲ ದಂಡೆಯಲ್ಲಿ ನಡೆದ ಅದರ ಮೊದಲ ಓಟವನ್ನೂ ಆ ವರ್ಷದ ಪಟ್ಟವನ್ನೂ ಗೆದ್ದವನು ಬೈರನ್. ಆಗ ಓಡುತ್ತಿದ್ದವು ಮಾರ್ಪಡಿಸಿದ ಹಳೆಯ ಕಾರುಗಳು. ನೋಡುವವನು ತಾನು ಓಡಿಸುವಂಥ ಕಾರನ್ನೇ ಟ್ರ್ಯಾಕಿನಲ್ಲಿ ಕಾಣಬೇಕೆಂದು ಫ್ರಾನ್ಸ್ ಮರುವರ್ಷ ಹೊಸ ಕಾರುಗಳ ಸರಣಿ ತೆರೆದ.

ಅದರ ಮೊದಲ ಓಟ ಷಾರ್ಲೆಟ್‌ನಲ್ಲಿ, 1949ರ ಜೂನ್ 19ರಂದು. ಮೊದಲು ಗುರಿ ಮುಟ್ಟಿದ ಗ್ಲೆನ್ ಡನವೇಯ ಫೋರ್ಡ್‌ನ ಹಿಂದಿನ ಸ್ಪ್ರಿಂಗುಗಳನ್ನು ಸಾರಾಯಿ ಸಾಗಿಸುವವರ ಚಳಕದಂತೆ ಬದಲಿಸಲಾಗಿತ್ತು. ಗೆಲುವು ರದ್ದಾಗಿ ಜಿಮ್ ರೋಪರ್‌ನ ಪಾಲಾಯಿತು. ಕಾರಿನ ಮಾಲೀಕ ಕೋರ್ಟಿಗೆ ಹೋಗಿ ಸೋತ. ಈ ಆಟ ತನ್ನ ತವರಿನ ಚಾಳಿಗೇ ಬೇಲಿ ಹಾಕಿದ್ದು ಅಂದು. ಎಂಟು ಓಟಗಳ ಆ ಸರಣಿಯಲ್ಲಿ ಪಾರ್ಕ್ಸ್‌ನ ಓಲ್ಡ್ಸ್‌ಮೊಬಿಲ್ 88 ಓಡಿಸಿದ ಬೈರನ್ ಎರಡನ್ನು ಗೆದ್ದು, ಲೀ ಪೆಟ್ಟಿಯನ್ನು ಹಿಂದಿಕ್ಕಿ ಮೊದಲ ಚಾಂಪಿಯನ್ ಆದ.

ಬೇಲಿ ಅವನನ್ನೂ ಬಿಡಲಿಲ್ಲ. 1950ರಲ್ಲಿ ಹೊರಗಿನ ಓಟಗಳಿಗೆ ಇಳಿದದ್ದಕ್ಕೆ ನ್ಯಾಸ್ಕಾರ್ ಅವನ ಅಂಕಗಳನ್ನು ಕಿತ್ತುಕೊಂಡಿತು. ಅದೇ ವರ್ಷ ಡಾರ್ಲಿಂಗ್‌ಟನ್ನಿನ ಡಾಂಬರು ಟ್ರ್ಯಾಕಿನಲ್ಲಿ ನಡೆದ 500 ಮೈಲಿಗಳ ಮೊದಲ ಓಟದಲ್ಲಿ ಅವನು ಮೂರನೆಯವನಾದ. ಆರೋಗ್ಯ ಕೈಕೊಟ್ಟು 1951ರಲ್ಲಿ ಸರಣಿ ಬಿಟ್ಟ. 1960ರಲ್ಲಿ, 45ನೆಯ ವಯಸ್ಸಿಗೆ, ಷಿಕಾಗೋದಲ್ಲಿ ತೀರಿಕೊಂಡ. ನ್ಯಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿದ್ದು 2018ರಲ್ಲಿ, ಪಾರ್ಕ್ಸ್‌ನದು ಸೇರಿದ ಮರುವರ್ಷ.

1947ರಲ್ಲಿ ಮಾರ್ಟಿನ್ಸ್‌ವಿಲ್ ಟ್ರ್ಯಾಕಿನ ಮೊಟ್ಟಮೊದಲ ಓಟ ಗೆದ್ದವನೂ ಬೈರನ್ನೇ. ಅಂದಿನ ಮಣ್ಣಿಗೆ 1955ರಲ್ಲಿ ಡಾಂಬರು ಬಿತ್ತು. ನ್ಯಾಸ್ಕಾರ್ ಕಾರುಗಳು ಅಲ್ಲಿ ಇಂದಿಗೂ ಓಡುತ್ತಿವೆ.