ಸ್ನಿಗ್ಧತೆ ಸಾಲದು: ಧ್ರುವೀಯ ಮಿಶ್ರಣಗಳ ವಿಶ್ರಾಂತಿ ಕಾಲ ಮತ್ತು ಉತ್ತರ ಕನ್ನಡದ ಅಳಿವೆಯ ನೀರು

ಧ್ರುವೀಯ ದ್ರವಕ್ಕೆ ವಿದ್ಯುತ್ ಕ್ಷೇತ್ರ ಒಡ್ಡಿದಾಗ ಅದರ ಅಣುಗಳು ಕ್ಷೇತ್ರದ ದಿಕ್ಕಿಗೆ ವಾಲುತ್ತವೆ. ಕ್ಷೇತ್ರ ತೆಗೆದೊಡನೆ ಉಷ್ಣಚಲನೆ ಅವನ್ನು ಮತ್ತೆ ಚದುರಿಸುತ್ತದೆ. ಹೀಗೆ ಮರಳಲು ಹಿಡಿಯುವ ಹೊತ್ತಿನ ಅಳತೆಯೇ ವಿಶ್ರಾಂತಿ ಕಾಲ. ಪೀಟರ್ ಡಿಬೈ ಅಣುವನ್ನು ಜಿಗುಟು ಮಾಧ್ಯಮದಲ್ಲಿ ಹೊರಳುವ ಗೋಳವೆಂದು ಬಗೆದು, ಗೊತ್ತಾದ ಉಷ್ಣತೆಯಲ್ಲಿ ಈ ಕಾಲ ಸ್ನಿಗ್ಧತೆ ಮತ್ತು ಅಣುಗಾತ್ರಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ ಎಂದರು. ಬೆಂಜೀನಿನಂಥ ಅಧ್ರುವೀಯ ದ್ರಾವಕದಲ್ಲಿ ಧ್ರುವೀಯ ವಸ್ತುವನ್ನು ತೆಳುವಾಗಿ ಕರಗಿಸಿದಾಗ ಈ ಚಿತ್ರ ಬಹುಮಟ್ಟಿಗೆ ನಿಲ್ಲುತ್ತದೆ; 1957ರಲ್ಲಿ ಕೆ.ವಿ. ಗೋಪಾಲಕೃಷ್ಣ ಪ್ರಕಟಿಸಿದ ಏಕ ಆವರ್ತನ ವಿಧಾನವೂ ಇಂಥ ದ್ರಾವಣಗಳಿಗಾಗಿಯೇ ರೂಪುಗೊಂಡದ್ದು. ಆದರೆ ಹೈಡ್ರೋಜನ್ ಬಂಧಗಳಿಂದ ಹೆಣೆದುಕೊಂಡ ದ್ರವಗಳಲ್ಲಿ ಸ್ನಿಗ್ಧತೆಯಿಂದ ವಿಶ್ರಾಂತಿ ಕಾಲವನ್ನು ಊಹಿಸುವುದು ತಪ್ಪುದಾರಿ ಎಂಬುದು ಇಲ್ಲಿನ ವಾದ.

ನೀರು ಮತ್ತು ಎಥನಾಲನ್ನೇ ತೆಗೆದುಕೊಳ್ಳೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ 0.89 ಮಿಲಿಪಾಸ್ಕಲ್-ಸೆಕೆಂಡ್, ಎಥನಾಲಿನದು ಸುಮಾರು 1.07. ಎಥನಾಲಿನ ಮೋಲಾರ್ ಗಾತ್ರ ನೀರಿನ ಸುಮಾರು 3.2 ಪಟ್ಟು. ಡಿಬೈ ಲೆಕ್ಕದಂತೆ ಎಥನಾಲಿನ ವಿಶ್ರಾಂತಿ ಕಾಲ ನೀರಿನ ನಾಲ್ಕು ಪಟ್ಟು ಇದ್ದರೆ ಸಾಕು. ಅಳತೆ ಹೇಳುವುದೇ ಬೇರೆ: ನೀರಿಗೆ 8.3 ಪಿಕೊಸೆಕೆಂಡ್, ಎಥನಾಲಿಗೆ 160ರ ಆಸುಪಾಸು, ಅಂದರೆ ಹೆಚ್ಚುಕಡಿಮೆ 20 ಪಟ್ಟು. ಎರಡನ್ನೂ ಬೆರೆಸಿದರೆ ವ್ಯತ್ಯಾಸ ಇನ್ನೂ ಢಾಳಾಗುತ್ತದೆ. ಮಿಶ್ರಣದ ಸ್ನಿಗ್ಧತೆ ನಡುವೆಲ್ಲೋ ಏರಿ, ಎರಡೂ ಶುದ್ಧ ದ್ರವಗಳ ಇಮ್ಮಡಿಯನ್ನು ದಾಟಿ, ಮತ್ತೆ ಇಳಿಯುತ್ತದೆ. ವಿಶ್ರಾಂತಿ ಕಾಲವಾದರೋ ಎಥನಾಲಿನ ಪಾಲು ಹೆಚ್ಚಿದಂತೆಲ್ಲ ಏರುತ್ತಲೇ ಹೋಗುತ್ತದೆ. ಕಾರಣ ಇದು: ಅಣು ಹೊರಳಬೇಕಾದರೆ ಹಳೆಯ ಹೈಡ್ರೋಜನ್ ಬಂಧ ಬಿಟ್ಟು ಹೊಸದನ್ನು ಹಿಡಿಯಬೇಕು, ಅದಕ್ಕೆ ಯೋಗ್ಯ ನೆರೆಯ ಅಣು ಕೈಗೆ ಸಿಗಬೇಕು. ನೀರಿನಲ್ಲಿ ಅಂಥ ನೆರೆಯವು ದಟ್ಟವಾಗಿವೆ. ಎಥನಾಲಿನಲ್ಲಿ ಇಂಗಾಲದ ಸರಪಳಿ ಜಾಗ ನುಂಗುವುದರಿಂದ ವಿರಳ, ಹಾಗಾಗಿ ಕಾಯುವಿಕೆ ದೀರ್ಘ.

ಅಳೆದ ಕಾಲ ಇಡೀ ದ್ರವದ್ದು, ಒಂಟಿ ಅಣುವಿನದ್ದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸ್ಥಳೀಯ ಕ್ಷೇತ್ರಕ್ಕಾಗಿ ಮಾಡುವ ರೂಢಿಯ ತಿದ್ದುಪಡಿ ಎರಡೂ ದ್ರವಗಳಿಗೆ ಸರಿಸುಮಾರು ಒಂದೇ, ಹೆಚ್ಚೆಂದರೆ ಒಂದೂವರೆ ಪಟ್ಟು. ಡಿಬೈ ಲೆಕ್ಕಕ್ಕೂ ಅಳತೆಗೂ ನಡುವಿನ ಐದು ಪಟ್ಟಿನ ಕಂದರವನ್ನು ಅದು ಮುಚ್ಚಲಾರದು. ಒಳಗಿನ ಸೂಕ್ಷ್ಮ ಸ್ನಿಗ್ಧತೆ ಬೇರೆ ಇರಬಹುದೆಂದರೆ, ಅದನ್ನು ಸ್ವತಂತ್ರವಾಗಿ ಅಳೆಯದೆ ವಿಶ್ರಾಂತಿ ಕಾಲದಿಂದಲೇ ಹಿಂದಕ್ಕೆ ಎಣಿಸಿದರೆ ಅದು ಪುರಾವೆಯಾಗುವುದಿಲ್ಲ.

ಉಪ್ಪುನೀರು ಇನ್ನೊಂದು ಕಡೆಯಿಂದ ಇದೇ ಮಾತಿಗೆ ಬಲ ಕೊಡುತ್ತದೆ. ಅಡುಗೆ ಉಪ್ಪು ಬೆರೆತಷ್ಟೂ ನೀರಿನ ಸ್ನಿಗ್ಧತೆ ಏರುತ್ತದೆ, ತೃಪ್ತ ದ್ರಾವಣದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ವಿಶ್ರಾಂತಿ ಕಾಲ ಮಾತ್ರ ಇಳಿಯುತ್ತದೆ. ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕಡಲಂಚಿನಲ್ಲಿ ಇದನ್ನು ಪರೀಕ್ಷಿಸಲು ಬೇಕಾದ ಮಾದರಿಗಳು ತಾವಾಗಿಯೇ ಸಿಗುತ್ತವೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಲವಣಾಂಶ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಹೊನ್ನಾವರದ ಶರಾವತಿಯಲ್ಲಿ ವಿದ್ಯುತ್ ಉತ್ಪಾದನೆಗೆ ಬಿಡುವ ಸಿಹಿನೀರು ಲವಣಾಂಶವನ್ನು ತಗ್ಗಿಸಿದೆ. ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಅಘನಾಶಿನಿ ಅಳಿವೆಯ ನೀರು ಹರಳುಗಟ್ಟುವವರೆಗೆ ಗಟ್ಟಿಯಾಗುತ್ತದೆ. ಈ ಅಳತೆಗೆ ಬಳಸಬಹುದಾದ, 10 ಗಿಗಾಹರ್ಟ್ಸ್ ಆಸುಪಾಸಿನ ಎಕ್ಸ್-ಬ್ಯಾಂಡ್ ಮೈಕ್ರೋವೇವ್ ಬೆಂಚ್ ಒಂದೇ ಆವರ್ತನದ್ದು, ಆದ್ದರಿಂದ ಸಾಲದು ಎನ್ನಬಹುದು. ಹಲವು ವಿಶ್ರಾಂತಿ ಕಾಲಗಳು ಬೆರೆತ ಮಿಶ್ರಣಗಳಿಗೆ ಅದು ನಿಜ. ಆದರೆ ತೆಳು ಉಪ್ಪುನೀರು ಬಹುತೇಕ ಒಂದೇ ವಿಶ್ರಾಂತಿ ಕಾಲದ ದ್ರವ. ಸಮುದ್ರದ ನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್. ಈ ಆವರ್ತನದಲ್ಲಿ, ಕ್ಷೇತ್ರದ ಶಕ್ತಿ ದ್ರವದಲ್ಲಿ ಉಷ್ಣವಾಗಿ ಸೋರುವುದರ ಅಳತೆಯಾದ ನಷ್ಟಾಂಕಕ್ಕೆ ವಾಹಕತೆಯ ಪಾಲು 9ರಷ್ಟು, ನೀರಿನ ವಿಶ್ರಾಂತಿಯ ಪಾಲು 30ರಷ್ಟು. 1 ಗಿಗಾಹರ್ಟ್ಸ್‌ನಲ್ಲಾದರೆ ವಾಹಕತೆಯ ಪಾಲು 90ಕ್ಕೇರಿ ಉಳಿದುದನ್ನೆಲ್ಲ ಮುಳುಗಿಸುತ್ತದೆ. ವಾಹಕತೆಯನ್ನು ಬೇರೆಯಾಗಿ ಅಳೆದು ಕಳೆದರೆ 10 ಗಿಗಾಹರ್ಟ್ಸ್‌ನಲ್ಲಿ ವಿಶ್ರಾಂತಿ ಕಾಲ ಲೆಕ್ಕಕ್ಕೆ ಸಿಗುತ್ತದೆ. ಆಗರದ ನೀರಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಪ್ರತಿ ಮಾದರಿಯ ಜೊತೆಗೂ ಅಷ್ಟೇ ಸಾಂದ್ರತೆಯ ಶುದ್ಧ ಉಪ್ಪಿನ ದ್ರಾವಣವನ್ನು, ಅದೇ ಉಷ್ಣತೆಯಲ್ಲಿ, ಅಳೆಯಲೇಬೇಕು. ಈ ಮೂರು ತಾಲ್ಲೂಕುಗಳ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಮಳೆಗಾಲಕ್ಕೆ ಮೊದಲು ಮತ್ತು ಅನಂತರ ಈ ಅಳತೆಗಳನ್ನು ಕೈಗೊಳ್ಳಬೇಕು.